ಹಾರ್ಮೋನ್ ಪುಡಿ ತೂಗುವಾಗ ಮಾಸ್ಕ್ ಬೇಕಾ?

ಪ್ರಶ್ನೆ: ಮೇಡಂ, ನಾನು ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ಯಲಹಂಕದ ಹತ್ತಿರ, ಗಿಡದ ತುಂಡಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವ ಒಂದು ಸಣ್ಣ ಟಿಶ್ಯೂ ಕಲ್ಚರ್ ಲ್ಯಾಬ್‌ಗೆ ಸೇರಿದ್ದೇನೆ. ಬಾಳೆ ಜಾಸ್ತಿ, ಸ್ವಲ್ಪ ಆರ್ಕಿಡ್ ಮಾಡುತ್ತೇವೆ. ಆ ತುಂಡುಗಳು ಬೆಳೆಯುವ ಪೋಷಕ ಮಿಶ್ರಣ, ಅಂದರೆ ಮೀಡಿಯಾ ಮಾಡುವ ಕೆಲಸ ನನ್ನದು. ಅದಕ್ಕೆ ಹಾಕುವ ಬಿಎಪಿ, ಐಬಿಎ, ಎನ್‌ಎಎ ಅನ್ನುವ ಗಿಡದ ಹಾರ್ಮೋನ್ ಪುಡಿಗಳನ್ನು ದಿನವೂ ತೂಗುತ್ತೇನೆ. ಈಗ ಒಂದು ಹೊಸ ಪ್ರಯೋಗಕ್ಕೆ 2,4-ಡಿ ಅನ್ನುವ ಇನ್ನೊಂದನ್ನು ತರಿಸಿದ್ದಾರೆ. ನಮ್ಮಲ್ಲಿ ಫ್ಯೂಮ್ ಹುಡ್ ಇಲ್ಲ. ಹಾಗಾಗಿ ಶುದ್ಧ ಗಾಳಿ ಬೀಸುವ ಪೆಟ್ಟಿಗೆ, ಅಂದರೆ ಲ್ಯಾಮಿನಾರ್ ಒಳಗೆ ಬ್ಯಾಲೆನ್ಸ್ ಇಟ್ಟು ತೂಗುತ್ತೇವೆ. 'ಇದು ಗಿಡದ ಹಾರ್ಮೋನ್, ಮನುಷ್ಯರಿಗೆ ಏನೂ ಆಗಲ್ಲ' ಅಂತ ಸೀನಿಯರ್ ಹೇಳುತ್ತಾರೆ. '2,4-ಡಿ ಅಂದ್ರೆ ಏಜೆಂಟ್ ಆರೆಂಜ್, ಕ್ಯಾನ್ಸರ್ ಬರುತ್ತೆ' ಅಂತ ಗೆಳತಿ ಹೆದರಿಸುತ್ತಾಳೆ. ಯಾರ ಮಾತು ನಂಬಲಿ? ಮಾಸ್ಕ್, ಗ್ಲೌಸ್ ನಿಜವಾಗಿಯೂ ಬೇಕಾ? ಹಾರ್ಮೋನ್ ಕರಗಿಸಿಟ್ಟ ಸ್ಟಾಕ್ ದ್ರಾವಣ ಉಳಿದರೆ ಸಿಂಕ್‌ಗೆ ಸುರಿಯಬಹುದಾ? ಇನ್ನೊಂದು ವಿಷಯ. ಈ ವರ್ಷ ಮಗುವಿಗೆ ಪ್ಲಾನ್ ಮಾಡುತ್ತಿದ್ದೇವೆ. ಲ್ಯಾಬ್‌ನಲ್ಲಿ ಯಾರಿಗೂ ಹೇಳಿಲ್ಲ.
ಹೆಸರು ಬೇಡ, ಯಲಹಂಕ

ಉತ್ತರ: ಇಬ್ಬರ ಮಾತನ್ನೂ ಪೂರ್ತಿ ನಂಬಬೇಡಿ. ಆದರೆ ಲ್ಯಾಮಿನಾರ್ ಒಳಗೆ ಪುಡಿ ತೂಗೋದನ್ನು ನಾಳೆಯಿಂದಲೇ ನಿಲ್ಲಿಸಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಗೆಳತಿಯ ಮಾತಿನಲ್ಲಿ ಅರ್ಧ ಸತ್ಯ ಇದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ಕಾಡಿನ ಮೇಲೆ ಸುರಿದ ಏಜೆಂಟ್ ಆರೆಂಜ್‌ನಲ್ಲಿ 2,4-ಡಿ ಇತ್ತು, ಹೌದು. ಆದರೆ ಅದರಲ್ಲಿ ಸುಮಾರು ಅರ್ಧ ಭಾಗ 2,4,5-ಟಿ ಅನ್ನುವ ಇನ್ನೊಂದು ರಾಸಾಯನಿಕ. ಅದನ್ನು ತಯಾರಿಸುವಾಗ ಡಯಾಕ್ಸಿನ್ ಅನ್ನುವ ಕಲ್ಮಶ ಹುಟ್ಟುತ್ತಿತ್ತು. ಅಲ್ಲಿನ ಜನರನ್ನು ಕಾಡಿದ ಕಾಯಿಲೆಗಳ ಬಗ್ಗೆ ಮಾತಾಡುವಾಗ ಮುಖ್ಯವಾಗಿ ಬೊಟ್ಟು ಮಾಡುವುದು ಆ ಡಯಾಕ್ಸಿನ್ ಕಡೆಗೆ. ನಿಮ್ಮ ಕಪಾಟಿನಲ್ಲಿರುವ ಬಾಟಲಿ ಅದಲ್ಲ.

ಹಾಗಂತ ಕ್ಯಾನ್ಸರ್ ಪ್ರಶ್ನೆ ಸುಮ್ನೆ ಹುಟ್ಟಿದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ 2,4-ಡಿಯನ್ನು '2ಬಿ' ಗುಂಪಿಗೆ ಸೇರಿಸಿತು. 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಅನ್ನುವ ಗುಂಪು ಅದು. ಮನುಷ್ಯರಲ್ಲಿ ಸಾಕಷ್ಟು ಪುರಾವೆ ಇಲ್ಲ ಎಂದೂ ಅದೇ ಸಂಸ್ಥೆ ಹೇಳಿದೆ. ಹೆದರಿ ಕೆಲಸ ಬಿಡುವಂಥ ಮಾತಲ್ಲ. ಬರಿಗೈಯಲ್ಲಿ ಪುಡಿ ಮುಟ್ಟಿ ಕೈ ಒರೆಸಿಕೊಳ್ಳುವಂಥ ವಸ್ತುವೂ ಅಲ್ಲ.

ಇನ್ನು ನಿಮ್ಮ ಸೀನಿಯರ್. ಅವರ ವಾದಕ್ಕೂ ಒಂದು ಬುಡ ಇದೆ. 2,4-ಡಿ ಆಕ್ಸಿನ್ ಅನ್ನುವ ಹಾರ್ಮೋನ್ ಗುಂಪಿಗೆ ಸೇರಿದ್ದು. ಆಕ್ಸಿನ್ ಗಿಡದಲ್ಲಿ ಕೆಲಸ ಮಾಡೋದು ಟಿಐಆರ್1 ಅನ್ನುವ ಪ್ರೋಟೀನ್ ಹಿಡಿದುಕೊಂಡು. ಇದು ಗೊತ್ತಾಗಿದ್ದು 2005ರಲ್ಲಿ. ಆ ಪ್ರೋಟೀನ್ ನಮ್ಮ ಮೈಯಲ್ಲಿ ಇಲ್ಲ. ಹಾಗಾಗಿ 2,4-ಡಿ ಗಿಡಕ್ಕೆ ಮಾಡುವುದನ್ನು ನಮಗೆ ಮಾಡಲಾರದು. ಆದರೆ ಹಾನಿಗೆ ಅದೊಂದೇ ದಾರಿಯಾ? 2,4-ಡಿ ಒಂದು ಆಮ್ಲ. ಅದರ ಪುಡಿ ಕಣ್ಣಿಗೆ ಬಿದ್ದರೆ ಗಂಭೀರ ಗಾಯ ಆಗುತ್ತದೆ. ಕೆಲವರ ಚರ್ಮಕ್ಕೆ ಅಲರ್ಜಿ ಹುಟ್ಟಿಸುತ್ತದೆ. ಉಸಿರಿನಲ್ಲಿ ಹೋದರೆ ಗಂಟಲು, ಶ್ವಾಸನಾಳ ಉರಿಯುತ್ತದೆ. ನುಂಗಿದರೆ ಅಪಾಯ. ಇದಕ್ಕೆಲ್ಲ ಟಿಐಆರ್1 ಬೇಕಾಗಿಲ್ಲ.

'ಗ್ರೋತ್ ರೆಗ್ಯುಲೇಟರ್' ಅಂತ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬುವುದರಿಂದಲೂ ಗೊಂದಲ ಆಗುತ್ತದೆ. ಜಿಬ್ಬರೆಲಿಕ್ ಆಮ್ಲದ ವಿಷಗುಣ ತುಂಬಾ ಕಡಿಮೆ. ಎನ್‌ಎಎ ಕಣ್ಣಿಗೆ ಕೆಟ್ಟದ್ದು. ಬಿಎಪಿ ವಿಷಯ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ, ನಿಮಗೆ ಮುಖ್ಯವಾದದ್ದು ಅದೇ. ಎಥೆಫಾನ್ ಇನ್ನೊಂದು ಥರ. ಅದು ಗಟ್ಟಿ ಆಮ್ಲೀಯ ದ್ರಾವಣ, ಚರ್ಮ ಸುಡುತ್ತದೆ. ಕಾಸ್ಟಿಕ್ ಸೋಡದಂಥ ಕ್ಷಾರ ಸೇರಿಸಿದರೆ ಎಥಿಲೀನ್ ಅನಿಲ ಬಿಡುತ್ತದೆ, ಅದಕ್ಕೆ ಬೆಂಕಿ ಹತ್ತುತ್ತದೆ. 'ಹಾರ್ಮೋನ್ ಅಂದ್ರೆ ಕಾಸ್ಟಿಕ್ ಹಾಕಿ ಕರಗಿಸೋದು' ಅನ್ನುವ ಅಭ್ಯಾಸ ಬಲ ಇರುವವರು ಎಥೆಫಾನ್ ಬಾಟಲಿ ಹತ್ತಿರ ಹುಷಾರಾಗಿರಬೇಕು.

ಹಾಗಾಗಿ ಯಾರ ಮಾತೂ ಕೇಳದೆ ಬಾಟಲಿಯ ಎಸ್‌ಡಿಎಸ್ ಓದಿ. ಸುರಕ್ಷತೆಯ ಮಾಹಿತಿ ಇರುವ ಆ ಹಾಳೆ ಅಂಗಡಿಯವರು ಕೊಡದಿದ್ದರೂ ಕಂಪನಿಯ ವೆಬ್‌ಸೈಟಿನಲ್ಲಿ ಕ್ಯಾಟಲಾಗ್ ನಂಬರ್ ಹಾಕಿದರೆ ಸಿಗುತ್ತದೆ. ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ, ಅಂದರೆ ಸಿಎಎಸ್ ನಂಬರ್ ಹಾಕಿಯೂ ಹುಡುಕಬಹುದು. 2,4-ಡಿಯದ್ದು 94-75-7, ಬಿಎಪಿಯದ್ದು 1214-39-7. ಆ ಹಾಳೆಯಲ್ಲಿ 16 ಭಾಗ ಇರುತ್ತವೆ. ಎಲ್ಲವನ್ನೂ ಓದುವ ತಾಳ್ಮೆ ಯಾರಿಗೂ ಇರಲ್ಲ. 2ನೇ ಭಾಗದಲ್ಲಿ ಅಪಾಯ, 4ರಲ್ಲಿ ಪ್ರಥಮ ಚಿಕಿತ್ಸೆ, 8ರಲ್ಲಿ ಗ್ಲೌಸ್ ಮಾಸ್ಕ್ ವಿಚಾರ. ಈ ಮೂರನ್ನು ಓದಿ, ಪ್ರಿಂಟ್ ತೆಗೆದು ಬ್ಯಾಲೆನ್ಸ್ ಪಕ್ಕದ ಗೋಡೆಗೆ ಅಂಟಿಸಿ.

ಈಗ ಪ್ರಮಾಣಕ್ಕೆ ಬರೋಣ. ಇಲಿಗಳಿಗೆ ತಿನ್ನಿಸಿದಾಗ ಅರ್ಧದಷ್ಟು ಸಾಯುವ 2,4-ಡಿ ಪ್ರಮಾಣ ಕೆಜಿಗೆ ಸುಮಾರು 639 ಮಿಲಿಗ್ರಾಂ. 60 ಕೆಜಿ ತೂಕಕ್ಕೆ ಲೆಕ್ಕ ಹಾಕಿದರೆ 38 ಗ್ರಾಂ ಆಗುತ್ತದೆ. ಇಲಿಯ ಲೆಕ್ಕ ಮನುಷ್ಯರಿಗೆ ಹಾಗೇ ಹೊಂದಲ್ಲ, ಒಂದು ಅಂದಾಜಿಗೆ ಹೇಳಿದೆ ಅಷ್ಟೇ. ನೀವು ಒಂದು ಸಲಕ್ಕೆ ತೂಗೋದು 100 ಮಿಲಿಗ್ರಾಂ ಇರಬಹುದು. ಒಂದು ಲೀಟರ್ ಮೀಡಿಯಾದಲ್ಲಿ ಇರೋದು ಒಂದೆರಡು ಮಿಲಿಗ್ರಾಂ. ಅಂದರೆ ಸಿದ್ಧವಾದ ಮೀಡಿಯಾ ಕೈಗೆ ತಾಗಿದರೆ ತೊಳೆದುಕೊಂಡರೆ ಮುಗಿಯಿತು. ಕಲ್ಚರ್ ರೂಮಿನಲ್ಲಿ ಬಾಟಲಿಗಳ ನಡುವೆ ಓಡಾಡೋದರಲ್ಲಿ ಏನೂ ಇಲ್ಲ. ಅಪಾಯ ಇರೋದು ಪುಡಿಯ ಡಬ್ಬಿ ಮುಚ್ಚಳ ತೆರೆದ ಆ ಕೆಲವು ನಿಮಿಷಗಳಲ್ಲಿ, ಮತ್ತು ಪುಡಿ ಕರಗಿಸಲು ಬಳಸುವ ದ್ರವದಲ್ಲಿ. ಜಾಗ್ರತೆಯನ್ನೂ ಅಲ್ಲೇ ಸುರಿಯಬೇಕು.

ಲ್ಯಾಮಿನಾರ್ ಬಗ್ಗೆ ಈಗ. ಟಿಶ್ಯೂ ಕಲ್ಚರ್ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಅಡ್ಡ ಗಾಳಿಯ ಲ್ಯಾಮಿನಾರ್. ಹಿಂದಿನ ಹೆಪಾ ಫಿಲ್ಟರ್‌ನಿಂದ ಶುದ್ಧ ಗಾಳಿ ಬಂದು, ಮೇಜಿನ ಮೇಲೆ ಹಾದು, ನೇರ ನಿಮ್ಮ ಎದೆ ಮುಖಕ್ಕೆ ಬಡಿಯುತ್ತದೆ. ಅದನ್ನು ಮಾಡಿರೋದು ಗಿಡದ ತುಂಡಿಗೆ ಬೂಷ್ಟು ಬರದಿರಲಿ ಅಂತ. ನಿಮ್ಮನ್ನು ಕಾಯುವ ಯೋಚನೆ ಅದರಲ್ಲಿ ಇಲ್ಲವೇ ಇಲ್ಲ. ಅಲ್ಲಿ ಪುಡಿ ತೂಗೋದು ಫ್ಯಾನ್ ಎದುರು ಕೂತು ರಂಗೋಲಿ ಪುಡಿ ಸುರಿದ ಹಾಗೆ. ಫ್ಯೂಮ್ ಹುಡ್ ಗಾಳಿಯನ್ನು ಒಳಕ್ಕೆ ಎಳೆದು ಹೊರಗೆ ಹಾಕುತ್ತದೆ. ಇದು ಅದರ ತಿರುಗುಮುರುಗು. ಗಾಜಿನ ಪೆಟ್ಟಿಗೆ, ಒಳಗೆ ಲೈಟು, ಗುಂಯ್ ಅನ್ನುವ ಸದ್ದು, ನೋಡೋಕೆ ಎರಡೂ ಒಂದೇ ಥರ ಇರೋದರಿಂದ ಜನ ಮೋಸ ಹೋಗುತ್ತಾರೆ.

ಇದನ್ನು ಸೀನಿಯರ್‌ಗೆ ಆರೋಗ್ಯದ ಮಾತಾಗಿ ಹೇಳಿದರೆ ನಗಬಹುದು. ಬೇರೆ ದಾರಿ ಇದೆ. ಲ್ಯಾಮಿನಾರ್‌ನಲ್ಲಿ ಹಾರಿದ ಬಿಎಪಿ, 2,4-ಡಿ ಪುಡಿ ಅಲ್ಲೇ ಅಂಚು, ಸಂದಿ, ಬ್ಯಾಲೆನ್ಸ್ ತಟ್ಟೆಯ ಮೇಲೆ ಕೂರುತ್ತದೆ. ಮಾರನೇ ದಿನ ಅಲ್ಲೇ ಬಾಳೆ ಸಬ್‌ಕಲ್ಚರ್, ಅಂದರೆ ತುಂಡುಗಳನ್ನು ಹೊಸ ಬಾಟಲಿಗೆ ಬದಲಿಸುವ ಕೆಲಸ ಮಾಡುತ್ತೀರಿ. ಬೇರು ಬರಬೇಕಾದ ಬಾಟಲಿಯಲ್ಲಿ ಬರೀ ಗಡ್ಡೆ ಗಡ್ಡೆ ಕ್ಯಾಲಸ್ (ಆಕಾರವಿಲ್ಲದ ಜೀವಕೋಶಗಳ ಮುದ್ದೆ) ಬಂದರೆ ಕಾರಣ ಹುಡುಕಲು ತಿಂಗಳು ಬೇಕು. ಲೀಟರ್‌ಗೆ ಒಂದೆರಡು ಮಿಲಿಗ್ರಾಂನಲ್ಲಿ ಕೆಲಸ ಮಾಡುವ ವಸ್ತು ಇದು. ಕಣ್ಣಿಗೆ ಕಾಣದ ಚೂರೂ ಲೆಕ್ಕಕ್ಕೆ ಬರುತ್ತದೆ. ಕೆಲಸದವರ ಕೆಮ್ಮಿಗೆ ಕಿವಿಗೊಡದ ಮಾಲೀಕರೂ ಬ್ಯಾಚ್ ಹಾಳಾಗುತ್ತದೆ ಅಂದರೆ ಎದ್ದು ಕೂರುತ್ತಾರೆ.

ಫ್ಯೂಮ್ ಹುಡ್ ಇಲ್ಲದ ಲ್ಯಾಬ್‌ನಲ್ಲಿ ಏನು ಮಾಡೋದು ಹಾಗಾದರೆ? ಮೊದಲ ಉಪಾಯ, ತೂಗೋದನ್ನೇ ಕಡಿಮೆ ಮಾಡೋದು. ನೀವು ದಿನವೂ ತೂಗುತ್ತೇನೆ ಅಂದಿದ್ದೀರಿ. ಯಾಕೆ? 100 ಮಿಲಿಗ್ರಾಂ ಬಿಎಪಿಯಿಂದ 100 ಮಿಲಿ ಸ್ಟಾಕ್ ಮಾಡಿಟ್ಟರೆ, ಮಿಲಿಗೆ 1 ಮಿಲಿಗ್ರಾಂ. ಬಾಳೆ ಮೀಡಿಯಾಗೆ ಲೀಟರ್‌ಗೆ 3 ಮಿಲಿಗ್ರಾಂ ಅಂದುಕೊಳ್ಳಿ. ಆ ಒಂದು ಸ್ಟಾಕ್‌ನಲ್ಲಿ 33 ಲೀಟರ್ ಮೀಡಿಯಾ ಆಗುತ್ತದೆ. ಫ್ರಿಜ್‌ನಲ್ಲಿ ಕೆಲವು ವಾರ ಇಟ್ಟುಕೊಳ್ಳಬಹುದು. ದಿನ ಬೆಳಗಾದರೆ ಪುಡಿ ಡಬ್ಬಿ ತೆರೆಯೋ ಬದಲು ತಿಂಗಳಿಗೆ ಒಂದೆರಡು ಸಲ ಸಾಕು. ಇನ್ನೂ ಒಳ್ಳೆಯದು ಅಂದರೆ ಮಿಲಿಗೆ 1 ಮಿಲಿಗ್ರಾಂ ಇರುವ ರೆಡಿ ದ್ರಾವಣವನ್ನೇ ಕೊಳ್ಳೋದು. ದುಡ್ಡು ಜಾಸ್ತಿ, ಆದರೆ ಪುಡಿಯ ಗೊಡವೆಯೇ ಇಲ್ಲ. ಪ್ರಯೋಗಕ್ಕೆ ಸ್ವಲ್ಪವೇ ಬೇಕಿರುವ 2,4-ಡಿಯಂಥದ್ದಕ್ಕೆ ನಾನು ಇದನ್ನೇ ಹೇಳೋದು.

ತೂಗಲೇಬೇಕಾದಾಗ ಗಾಳಿ ಆಡದ ಮೂಲೆ ಹುಡುಕಿ. ಫ್ಯಾನ್, ಎಸಿ ಆರಿಸಿ. ಕಿಟಕಿ ಹಾಕಿ. ರೂಮಿನಲ್ಲಿ ಬೇರೆ ಯಾರೂ ಓಡಾಡೋದು ಬೇಡ. ಬೆಂಚಿನ ಮೇಲೆ ಒದ್ದೆ ಮಾಡಿದ ಟಿಶ್ಯೂ ಅಥವಾ ಹಳೇ ಪೇಪರ್ ಹಾಸಿ, ಬಿದ್ದದ್ದು ಅದಕ್ಕೇ ಅಂಟಲಿ. ಮುಚ್ಚಳ ಇರುವ ಸಣ್ಣ ಗಾಜಿನ ವಯಲ್ ತೆಗೆದುಕೊಳ್ಳಿ. ಖಾಲಿ ವಯಲ್ ಮುಚ್ಚಳ ಸಮೇತ ಬ್ಯಾಲೆನ್ಸ್ ಮೇಲಿಟ್ಟು ಝೀರೋ ಮಾಡಿ. ಆಮೇಲೆ ವಯಲ್ ಹೊರಗೆ ತೆಗೆದು, ಆ ಪೇಪರ್ ಮೇಲೆ ಇಟ್ಟುಕೊಂಡು, ಸ್ಪ್ಯಾಚುಲಾದ ತುದಿಯಿಂದ ಪುಡಿ ಹಾಕಿ. ಮುಚ್ಚಿ. ಮತ್ತೆ ಬ್ಯಾಲೆನ್ಸ್ ಮೇಲಿಡಿ. 103.4 ಮಿಲಿಗ್ರಾಂ ಬಂತಾ? ಬರಲಿ. ಅದನ್ನು 100ಕ್ಕೆ ಇಳಿಸೋಕೆ ಚೂರು ಚೂರು ತೆಗೆದು ವಾಪಸ್ ಡಬ್ಬಿಗೆ ಹಾಕೋ ಆಟ ಬೇಡ. ಪುಡಿ ಹಾರೋದು ಆ ಆಟದಲ್ಲೇ. ಡಬ್ಬಿಯೂ ಕಲುಷಿತ ಆಗುತ್ತದೆ. 100 ಮಿಲಿ ಬದಲು 103.4 ಮಿಲಿಗೆ ಮಾಡಿ, ಲೆಕ್ಕ ಸರಿಹೋಯಿತು. ಕರಗಿಸುವ ದ್ರವವನ್ನು ಅದೇ ವಯಲ್‌ಗೆ ಹಾಕಿ. ಬಟರ್ ಪೇಪರ್ ಮಡಿಸಿ ಫ್ಲಾಸ್ಕ್‌ಗೆ ತಟ್ಟಿ ಉದುರಿಸೋದು, ಉಳಿದದ್ದನ್ನು ಊದೋದು, ಇವೆರಡೂ ಬಿಟ್ಟುಬಿಡಿ.

ಮುಗಿದ ಮೇಲೆ ಬ್ಯಾಲೆನ್ಸ್ ತಟ್ಟೆಯನ್ನು ಬ್ರಷ್‌ನಿಂದ ಗುಡಿಸಬೇಡಿ. ಒದ್ದೆ ಟಿಶ್ಯೂನಿಂದ ಒರೆಸಿ, ಆ ಟಿಶ್ಯೂ, ಪೇಪರ್ ಎಲ್ಲ ಒಂದು ಜಿಪ್ ಕವರ್‌ಗೆ ಹಾಕಿ.

ಮಾಸ್ಕ್ ಬೇಕಾ ಅಂದರೆ, ಈ ಹೊತ್ತಿನಲ್ಲಿ ಬೇಕು. ನೀಲಿ ಸರ್ಜಿಕಲ್ ಮಾಸ್ಕ್ ಅಲ್ಲ, ಅದರ ಪಕ್ಕದ ಸಂದಿಯಲ್ಲಿ ಪುಡಿ ಆರಾಮಾಗಿ ಹೋಗುತ್ತದೆ. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಬೇಕು. ಆದರೆ ಅದು ಪುಡಿಗೆ ಮಾತ್ರ. ಸ್ಪಿರಿಟ್ ಹಬೆಯನ್ನು ಅದು ತಡೆಯಲ್ಲ. ಗ್ಲೌಸ್ ನೈಟ್ರೈಲ್ ಇರಲಿ. ತುಂಬು ತೋಳಿನ ಕೋಟು. ಎಲ್ಲಕ್ಕಿಂತ ಮುಖ್ಯ ಕನ್ನಡಕ, ಪಕ್ಕವೂ ಮುಚ್ಚುವ ಲ್ಯಾಬ್ ಗಾಗಲ್. ಪವರ್ ಕನ್ನಡಕ ಅದರ ಬದಲಿಗೆ ಆಗಲ್ಲ. ಒಂದೇ ಒಂದು ವಸ್ತುವಿಗೆ ದುಡ್ಡು ಕೊಡುತ್ತೇನೆ ಅಂತ ಮಾಲೀಕರು ಅಂದರೆ ಗಾಗಲ್ ಕೇಳಿ. ಇನ್ನು ಗ್ಲೌಸ್ ಹಾಕಿದ ಕೈಯಲ್ಲೇ ಫೋನ್ ತೆಗೆಯೋದು, ರೀಲ್ಸ್ ತಳ್ಳೋದು, ಆಮೇಲೆ ಅದೇ ಫೋನ್ ಕೆನ್ನೆಗೆ ಹಿಡಿಯೋದು. ಇದನ್ನು ಮಾಡುವವರು ಗ್ಲೌಸ್ ಹಾಕದೇ ಇರೋದೇ ವಾಸಿ, ಕೈಯನ್ನಾದರೂ ತೊಳೆದುಕೊಳ್ಳುತ್ತಾರೆ.

ಕರಗಿಸುವ ಕೆಲಸದಲ್ಲಿ ಹಾರ್ಮೋನ್‌ಗಿಂತ ದ್ರವವೇ ಹೆಚ್ಚು ಅಪಾಯ. ಆಕ್ಸಿನ್, ಬಿಎಪಿ ನೀರಿನಲ್ಲಿ ಸರಿಯಾಗಿ ಕರಗಲ್ಲ. ಅದಕ್ಕೇ 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಹಾಕುತ್ತೇವೆ, ಅಂದರೆ 100 ಮಿಲಿಯಲ್ಲಿ 4 ಗ್ರಾಂ ಕಾಸ್ಟಿಕ್. 100 ಮಿಲಿಗ್ರಾಂ ಪುಡಿಗೆ ಒಂದೆರಡು ಮಿಲಿ ಸಾಕು. ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಅದರ ಒಂದು ಹನಿ ಕಣ್ಣಿಗೆ ಹಾರಿದರೆ 2,4-ಡಿಯ ಬಗ್ಗೆ ಯೋಚಿಸೋಕೂ ಪುರುಸೊತ್ತಿರಲ್ಲ. ಆಮ್ಲಕ್ಕಿಂತ ಕ್ಷಾರ ಕಣ್ಣಿಗೆ ಕೆಟ್ಟದ್ದು. ಒಳಗೊಳಗೆ ಇಳಿಯುತ್ತಾ ಹೋಗುತ್ತದೆ. ಕಾಸ್ಟಿಕ್ ದ್ರಾವಣ ಮಾಡುವಾಗ ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಬಿಸಿಯಾಗಿ ಸಿಡಿಯುತ್ತದೆ. ಮಳೆಗಾಲದಲ್ಲಿ ಕಾಸ್ಟಿಕ್ ಬಿಲ್ಲೆಗಳು ಗಾಳಿಯ ತೇವ ಕುಡಿದು ಬೆವರುತ್ತವೆ. ತೂಗಿ ಉಳಿದ ಬಿಲ್ಲೆಯನ್ನು ಬೆಂಚಿನ ಮೇಲೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಅದು ನೀರಿನ ಹನಿಯ ಥರ ಕಾಣುತ್ತದೆ, ಯಾರಾದರೂ ಕೈಯಲ್ಲಿ ಒರೆಸುತ್ತಾರೆ.

ಟಿಡಿಝಡ್ ಅನ್ನುವ ಹಾರ್ಮೋನ್ ಬಳಸುವ ಲ್ಯಾಬ್‌ಗಳು ಅದನ್ನು ಡಿಎಂಎಸ್‌ಓ ಅನ್ನುವ ದ್ರವದಲ್ಲಿ ಕರಗಿಸುತ್ತವೆ. ಡಿಎಂಎಸ್‌ಓ ಚರ್ಮದೊಳಗೆ ಸಲೀಸಾಗಿ ನುಗ್ಗುತ್ತದೆ, ತನ್ನಲ್ಲಿ ಕರಗಿದ್ದನ್ನೂ ಕರೆದುಕೊಂಡು ಹೋಗುತ್ತದೆ. ಗ್ಲೌಸ್ ಮೇಲೆ ಚೆಲ್ಲಿದರೆ ಆಮೇಲೆ ನೋಡೋಣ ಅನ್ನದೆ ಆ ಕ್ಷಣವೇ ಬದಲಿಸಿ. ಐಎಎ, ಝಿಯಾಟಿನ್ ಥರದ ಹಾರ್ಮೋನ್ ದ್ರಾವಣವನ್ನು 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಒತ್ತುವಾಗಲೂ ಗಾಗಲ್ ಬೇಕು. ಬಲ ಹಾಕಿದಾಗ ಫಿಲ್ಟರ್ ಟಪ್ ಅಂತ ಕಳಚಿ ದ್ರಾವಣ ಮುಖಕ್ಕೆ ಬರುತ್ತದೆ. ತಿರುಗಿಸಿ ಬಿಗಿಸುವ ಲೂಯರ್ ಲಾಕ್ ಸಿರಿಂಜ್ ತೆಗೆದುಕೊಳ್ಳಿ.

ಸ್ಪಿರಿಟ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಟಿಶ್ಯೂ ಕಲ್ಚರ್ ಲ್ಯಾಬ್‌ನಲ್ಲಿ ನನಗೆ ನಿಜವಾದ ಭಯ ಅದರದ್ದೇ. ಶುದ್ಧ ಎಥನಾಲ್‌ನ ಹಬೆ ಸುಮಾರು 13 ಡಿಗ್ರಿಯಲ್ಲೇ ಬೆಂಕಿ ಹಿಡಿಯಬಲ್ಲದು. ಬೆಂಗಳೂರಿನ ಡಿಸೆಂಬರ್ ಮಧ್ಯಾಹ್ನ ಕೂಡ ಅದಕ್ಕಿಂತ ಬೆಚ್ಚಗಿರುತ್ತದೆ. ಹಾರ್ಮೋನ್ ಕರಗಿಸಿದ ಎಥನಾಲ್, ಒರೆಸುವ 70% ಸ್ಪಿರಿಟ್, ಸ್ಕಾಲ್ಪೆಲ್ ಅದ್ದುವ ಬೀಕರ್, ಪಕ್ಕದಲ್ಲೇ ಉರಿಯುವ ದೀಪ, ಜೊತೆಗೆ ಜ್ವಾಲೆಯನ್ನು ನಿಮ್ಮ ಕಡೆ ಬಾಗಿಸುವ ಲ್ಯಾಮಿನಾರ್ ಗಾಳಿ. ಎಲ್ಲವೂ ಒಂದೇ ಮೇಜಿನ ಮೇಲೆ. ಉರಿಯುತ್ತಿರುವ ಅಥವಾ ಆಗಷ್ಟೇ ಆರಿಸಿದ ದೀಪಕ್ಕೆ ಸ್ಪಿರಿಟ್ ಸುರಿಯಲೇಬೇಡಿ. ಸ್ಪಿರಿಟ್ ಜ್ವಾಲೆ ಬೆಳಕಿನಲ್ಲಿ ಸರಿಯಾಗಿ ಕಾಣಲ್ಲ, ಆರಿದೆ ಅಂದುಕೊಂಡು ಸುರಿದವರ ಕೈಯಲ್ಲಿ ಬಾಟಲಿಗೇ ಬೆಂಕಿ ಹತ್ತುತ್ತದೆ. ಗ್ಲೌಸ್‌ಗೆ ಸ್ಪಿರಿಟ್ ಹೊಡೆದುಕೊಂಡು ಒದ್ದೆ ಇರುವಾಗಲೇ ಜ್ವಾಲೆ ಹತ್ತಿರ ಹೋಗೋದು ಇನ್ನೊಂದು. ನೈಟ್ರೈಲ್ ಕರಗಿ ಚರ್ಮಕ್ಕೆ ಅಂಟುತ್ತದೆ. ಜ್ವಾಲೆಯ ಕೆಲಸಕ್ಕೆ ಗ್ಲೌಸ್ ಬಿಚ್ಚಿ, ಕೈ ಪೂರ್ತಿ ಒಣಗಲಿ. ಅಥವಾ ದೀಪವನ್ನೇ ಕೈಬಿಟ್ಟು ಗಾಜಿನ ಮಣಿಯ ಸ್ಟೆರಿಲೈಝರ್ ತರಿಸಿ. ಸ್ಕಾಲ್ಪೆಲ್ ಬೀಕರ್ ಪಕ್ಕ ಅದರ ಬಾಯಿ ಮುಚ್ಚುವ ಒಂದು ಲೋಹದ ತಟ್ಟೆ ಯಾವಾಗಲೂ ಇರಲಿ. ಬೆಂಕಿ ಹತ್ತಿದರೆ ಊದೋದಲ್ಲ, ನೀರೂ ಅಲ್ಲ, ಮುಚ್ಚೋದು.

ಸ್ಪಿರಿಟ್ ಜೊತೆ ಇನ್ನೊಂದು ಬಾಟಲಿಯ ಬಗ್ಗೆಯೂ ನೀವು ಕೇಳಿಲ್ಲ. ಬಾಳೆ ಕಂದು ತಂದು ಮೊದಲ ಸಲ ಕಲ್ಚರ್‌ಗೆ ಹಾಕುವಾಗ ಯಾವುದರಲ್ಲಿ ಅದ್ದುತ್ತೀರಿ? ನಮ್ಮ ಕಡೆ ಎಷ್ಟೋ ಲ್ಯಾಬ್‌ಗಳಲ್ಲಿ ಇನ್ನೂ 0.1% ಮರ್ಕ್ಯುರಿಕ್ ಕ್ಲೋರೈಡ್ ಬಳಸುತ್ತಾರೆ. ಅದು ಪಾದರಸದ ಲವಣ, ಘೋರ ವಿಷ, ಮೂತ್ರಪಿಂಡ ಹಾಳು ಮಾಡುತ್ತದೆ. ಅದನ್ನು ಬರಿಗೈಯಲ್ಲಿ ಹಿಡಿದು, ಬಳಸಿ, ಸಿಂಕ್‌ಗೆ ಚೆಲ್ಲುವವರು ಪಕ್ಕದ 2,4-ಡಿ ಡಬ್ಬಿಗೆ ಹೆದರೋದು ನೋಡಿದರೆ ವಿಚಿತ್ರ ಅನ್ನಿಸುತ್ತದೆ. ಪಾದರಸದ ಬಳಕೆ ತಗ್ಗಿಸುವ ಮಿನಾಮಾಟ ಒಪ್ಪಂದಕ್ಕೆ ಭಾರತ 2018ರಲ್ಲೇ ಸೇರಿದೆ. ಸೋಡಿಯಂ ಹೈಪೋಕ್ಲೋರೈಟ್‌ಗೆ ಸೋಪಿನಂತೆ ಕೆಲಸ ಮಾಡುವ ಟ್ವೀನ್-20 ಒಂದೆರಡು ಹನಿ ಸೇರಿಸಿ, ಸಮಯ ಹೊಂದಿಸಿಕೊಂಡರೆ ಎಷ್ಟೋ ಬೆಳೆಗಳಿಗೆ ಕೆಲಸ ನಡೆಯುತ್ತದೆ. ಹೈಪೋಕ್ಲೋರೈಟ್‌ಗೆ ಆಮ್ಲ ಮಾತ್ರ ಸೇರಬಾರದು, ಕ್ಲೋರಿನ್ ಅನಿಲ ಬರುತ್ತದೆ.

ಫ್ರಿಜ್ ವಿಷಯ ಬೇಗ ಮುಗಿಸುತ್ತೇನೆ. ಪ್ರತಿ ಸ್ಟಾಕ್ ಬಾಟಲಿಯ ಮೇಲೆ ಹೆಸರು, ಪ್ರಮಾಣ, ಯಾವುದರಲ್ಲಿ ಕರಗಿಸಿದ್ದು, ತಾರೀಖು, ಮಾಡಿದವರ ಹೆಸರು. ಐಎಎ ಬೆಳಕಿಗೆ ಕೆಡುತ್ತದೆ, ಕಂದು ಬಾಟಲಿ ಅಥವಾ ಫಾಯಿಲ್ ಸುತ್ತಿ. ಕುಡಿಯುವ ನೀರಿನ ಹಳೇ ಬಾಟಲಿಯಲ್ಲಿ ಯಾವ ದ್ರಾವಣವನ್ನೂ ತುಂಬಬೇಡಿ. ಮೊಸರನ್ನದ ಡಬ್ಬಿಗೂ ಸ್ಟಾಕ್‌ಗೂ ಒಂದೇ ಫ್ರಿಜ್ ಆಗಿದ್ದರೆ ಡಬ್ಬಿಯನ್ನು ಇವತ್ತೇ ಹೊರಗೆ ತನ್ನಿ. ಹಾಗೇ, ದುಡ್ಡು ಉಳಿಯಲಿ ಅಂತ ಗೊಬ್ಬರದ ಅಂಗಡಿಯ 2,4-ಡಿ ಕಳೆನಾಶಕ ತಂದು ಮೀಡಿಯಾಗೆ ಹಾಕೋದೂ ಬೇಡ. ಅದರಲ್ಲಿ ಬೇರೆ ಏನೇನೋ ಸೇರಿರುತ್ತದೆ, ಪ್ರಮಾಣದ ಲೆಕ್ಕವೂ ಬೇರೆ.

ಸಿಂಕ್‌ಗೆ ಸುರಿಯಬಹುದಾ? ಸ್ಟಾಕ್ ಸುರಿಯಬಾರದು. ನಮ್ಮ ಊರಿನ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ ಅಂತ ಬೆಳ್ಳಂದೂರಿನ ನೊರೆ ನೋಡಿದ ಯಾರಿಗೂ ಹೇಳಬೇಕಾಗಿಲ್ಲ. 2,4-ಡಿ ನೀರಿನ ಜೀವಿಗಳಿಗೆ ಹಾನಿ ಮಾಡುತ್ತದೆ. ಲ್ಯಾಬ್ ಹಿಂದಿನ ಗಿಡಗಳಿಗೆ ಹಾಕಿದರೂ ತಪ್ಪೇ. ಟೊಮೆಟೊ, ದ್ರಾಕ್ಷಿ, ಹತ್ತಿ ಈ ಮೂರೂ 2,4-ಡಿ ಚೂರು ತಾಗಿದರೂ ಎಲೆ ಮುದುರಿಕೊಳ್ಳುತ್ತವೆ. ನಿಮ್ಮ ಯಲಹಂಕದಿಂದ ಆಚೆ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ತೋಟಗಳಿವೆ, ಗೊತ್ತಲ್ಲ.

ಉಳಿದ ಸ್ಟಾಕ್, ವಯಲ್ ತೊಳೆದ ಮೊದಲ ನೀರು, ಪುಡಿ ಒರೆಸಿದ ಟಿಶ್ಯೂ, ಹಳೇ ಪುಡಿ ಡಬ್ಬಿ, ಇವನ್ನೆಲ್ಲ ಬೇರೆ ಕ್ಯಾನ್‌ನಲ್ಲಿ ಲೇಬಲ್ ಹಾಕಿ ಕೂಡಿಡಿ. ಪಾದರಸದ್ದು ಪೂರ್ತಿ ಬೇರೆ ಕ್ಯಾನ್. ಪಾಲಿಕೆಯ ಕಸದ ಗಾಡಿಗೆ ಕೊಡುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರೇ ಒಯ್ಯಬೇಕು. ಈ ಭಾಗದ ಅಪಾಯಕಾರಿ ತ್ಯಾಜ್ಯವನ್ನು ಸಂಸ್ಕರಿಸುವ ಘಟಕ ದಾಬಸ್‌ಪೇಟೆಯಲ್ಲಿದೆ. ನಿಮ್ಮಂಥ ಸಣ್ಣ ಲ್ಯಾಬ್‌ನ ಒಂದು ಕ್ಯಾನ್‌ಗಾಗಿ ಯಾರೂ ಗಾಡಿ ಕಳಿಸಲ್ಲ ಅನ್ನೋದು ನಿಜ. ಪರಿಚಯದ ದೊಡ್ಡ ಲ್ಯಾಬ್ ಅಥವಾ ಕಾಲೇಜು ಇದ್ದರೆ ಅವರ ಜೊತೆ ಒಪ್ಪಂದ ಸಾಧ್ಯವಾ ಅಂತ ಮಂಡಳಿಯ ಕಚೇರಿಯಲ್ಲೇ ವಿಚಾರಿಸಲು ಮಾಲೀಕರಿಗೆ ಹೇಳಿ. ಬಳಸಿ ಆಟೊಕ್ಲೇವ್ ಮಾಡಿದ ಮೀಡಿಯಾದಲ್ಲಿ ಹಾರ್ಮೋನ್ ತೀರಾ ಕಡಿಮೆ. ಆದರೂ ಅಗರ್ ಅನ್ನು ಸಿಂಕ್‌ಗೆ ಹಾಕಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ.

ಏನಾದರೂ ಆದರೆ? ಕಣ್ಣಿಗೆ ಬಿದ್ದರೆ ಆ ಕ್ಷಣದಿಂದ ನಲ್ಲಿ ನೀರು, ರೆಪ್ಪೆ ಬಿಡಿಸಿ ಹಿಡಿದುಕೊಂಡು, ಪುಡಿಯಾದರೆ 15ರಿಂದ 20 ನಿಮಿಷ, ಕಾಸ್ಟಿಕ್ ಆದರೆ ಅರ್ಧ ಗಂಟೆ. ಲೆನ್ಸ್ ಹಾಕಿದ್ದರೆ ತೊಳೆಯುತ್ತಲೇ ತೆಗೆಯಿರಿ. ತುಪ್ಪ, ಜೇನು, ಪನ್ನೀರು ಯಾವುದೂ ಬೇಡ. ಕೆ.ಆರ್. ಮಾರ್ಕೆಟ್ ಹತ್ತಿರ ಮಿಂಟೋ ಕಣ್ಣಾಸ್ಪತ್ರೆ ಇದೆ. ಆದರೆ ತೊಳೆಯದೆ ಆಟೊ ಹತ್ತಿದರೆ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಕಣ್ಣು ಹೋಗುತ್ತದೆ. ಮೊದಲು ತೊಳೆಯಿರಿ, ಆಮೇಲೆ ಹತ್ತಿರದ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ತಾಗಿದರೆ ಬಟ್ಟೆ ತೆಗೆದು ಧಾರಾಳ ನೀರು. ಕಾಸ್ಟಿಕ್ ಬಿದ್ದ ಚರ್ಮಕ್ಕೆ ನಿಂಬೆ ರಸ, ವಿನೆಗರ್ ಹಾಕಬೇಡಿ. ನುಂಗಿದರೆ ವಾಂತಿ ಮಾಡಿಸಬಾರದು. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಹಗಲು ರಾತ್ರಿ ಇರುತ್ತದೆ. ಆಂಬ್ಯುಲೆನ್ಸ್‌ಗೆ 108. ಎಸ್‌ಡಿಎಸ್ ಹಾಳೆ ಅಥವಾ ಬಾಟಲಿಯ ಲೇಬಲ್ ಫೋಟೊ ಡಾಕ್ಟರಿಗೆ ತೋರಿಸಿ, ಬರೀ 'ಹಾರ್ಮೋನ್' ಅಂದರೆ ಅವರು ಬೇರೇನೋ ಅಂದುಕೊಳ್ಳುತ್ತಾರೆ.

ಈಗ ಮಗುವಿನ ವಿಷಯ. ಬಿಎಪಿಯನ್ನು ಯುರೋಪಿನ ವರ್ಗೀಕರಣದಲ್ಲಿ 'ಹುಟ್ಟದ ಮಗುವಿಗೆ ಹಾನಿ ಮಾಡಬಹುದೆಂಬ ಶಂಕೆ ಇರುವ' ವಸ್ತುಗಳ ಜೊತೆ ಸೇರಿಸಿದ್ದಾರೆ. ಎಸ್‌ಡಿಎಸ್‌ನಲ್ಲಿ ಎಚ್361 ಅನ್ನುವ ಗುರುತು ನೋಡಿ. ಇದನ್ನು ಓದಿ ಇಷ್ಟು ದಿನ ತೂಗಿದ್ದಕ್ಕೆ ನಿದ್ದೆಗೆಡಬೇಡಿ. ನೀವು ಮುಟ್ಟಿದ ಪ್ರಮಾಣ ಸಣ್ಣದು. ಆದರೆ ಮುಂದೆ ಪುಡಿ ತೂಗುವ ಕೆಲಸ ನಿಮ್ಮದಾಗಬಾರದು, ಬಿಎಪಿಯೂ ಅಷ್ಟೇ, 2,4-ಡಿಯೂ ಅಷ್ಟೇ. ಗರ್ಭ ನಿಂತಿದ್ದು ಗೊತ್ತಾಗುವಷ್ಟರಲ್ಲಿ ಕೆಲವು ವಾರ ಕಳೆದಿರುತ್ತದೆ, ಹಾಗಾಗಿ ಪ್ಲಾನ್ ಮಾಡುವಾಗಲೇ ನಿಲ್ಲಿಸೋದು ಸರಿ. ಮರ್ಕ್ಯುರಿಕ್ ಕ್ಲೋರೈಡ್ ಕೆಲಸಕ್ಕೆ ಖಂಡಿತ ಹೋಗಬೇಡಿ. ಆರ್ಕಿಡ್‌ನಲ್ಲಿ ಕ್ರೋಮೊಸೋಮ್ ದುಪ್ಪಟ್ಟು ಮಾಡೋಕೆ ಕಾಲ್ಚಿಸಿನ್ ತರಿಸಿದ್ದರೆ ಅದರ ಹತ್ತಿರವೂ ಬೇಡ, ಅದು ಜೀವಕೋಶ ವಿಭಜನೆಯನ್ನೇ ನಿಲ್ಲಿಸುವ ವಿಷ. ಸಬ್‌ಕಲ್ಚರ್, ಸಿದ್ಧ ಮೀಡಿಯಾ ತುಂಬೋದು, ಗಿಡ ಹಾರ್ಡನಿಂಗ್ (ಸಸಿಗಳನ್ನು ಹೊರಗಿನ ಹವೆಗೆ ಒಗ್ಗಿಸೋದು), ದಾಖಲೆ ಬರೆಯೋದು, ಇವನ್ನೆಲ್ಲ ಆರಾಮಾಗಿ ಮಾಡಬಹುದು. ನಿಮ್ಮ ಡಾಕ್ಟರಿಗೆ ಎರಡು ಮೂರು ಎಸ್‌ಡಿಎಸ್ ತೋರಿಸಿ, ಏನು ಕೆಲಸ ಅಂತ ವಿವರವಾಗಿ ಹೇಳಿ.

ಲ್ಯಾಬ್‌ನಲ್ಲಿ ಕಾರಣ ಹೇಳೋಕೆ ಈಗಲೇ ಇಷ್ಟ ಇಲ್ಲದಿದ್ದರೆ ಹೇಳಬೇಕಾಗಿಲ್ಲ. ಲ್ಯಾಮಿನಾರ್ ಕಲುಷಿತ ಆಗಿ ಬ್ಯಾಚ್ ಹಾಳಾಗುವ ಮಾತು ಮೇಲೆ ಹೇಳಿದೆನಲ್ಲ, ಅದನ್ನೇ ಮುಂದಿಟ್ಟು ಬಿಎಪಿ ಮತ್ತು 2,4-ಡಿಗೆ ರೆಡಿ ದ್ರಾವಣ ತರಿಸಲು ಕೇಳಿ. ಅದು ಬಂದರೆ ಯಾರೂ ಅವೆರಡನ್ನು ತೂಗಬೇಕಾಗಿಲ್ಲ. ಬರೋವರೆಗೆ ಸ್ಟಾಕ್ ಮಾಡುವ ಸರದಿ ಬೇರೆಯವರಿಗೆ ಕೊಟ್ಟು, ಮೀಡಿಯಾ ತುಂಬುವ ಕೆಲಸ ನೀವು ತೆಗೆದುಕೊಳ್ಳಿ. ಅದಲು ಬದಲು ಮಾಡಿಕೊಂಡವರಿಗೂ ಎನ್95, ಗಾಗಲ್ ಕೊಡಿಸೋದು ಮರೆಯಬೇಡಿ.